ಕುಂಡ ಎಷ್ಟಿದ್ದರೆ ಸಾಕು?

ಪ್ರಶ್ನೆ: ಅರೆಕೆರೆಯಲ್ಲಿ ನಮ್ಮದು 30×40 ಸೈಟಿನ ಮನೆ. ಕಾಂಪೌಂಡಿನ ಒಳಗೆ ಒಂದಿಷ್ಟು ಮಣ್ಣಿದೆ, ಉಳಿದದ್ದೆಲ್ಲ ತಾರಸಿಯ ಕುಂಡಗಳು. ಭಾನುವಾರವೆಲ್ಲ ಅದಕ್ಕೇ ಹೋಗುತ್ತದೆ. ಆದರೂ ಮಳೆ ಬಿದ್ದ ಹದಿನೈದೇ ದಿನಕ್ಕೆ ಕಾಡು! ಕೈತೋಟವನ್ನು ಒಪ್ಪವಾಗಿ ಇಟ್ಟುಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಕೆಲಸ ಕಡಿಮೆಯಾಗಿಲ್ಲ, ಗಿಡ ಜಾಸ್ತಿಯಾಗಿರಬೇಕು. ಜನವರಿ, ಆಗಸ್ಟ್‌ನಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಬರಿಗೈಯಲ್ಲಿ ಬರುವುದುಂಟೇ? ಅದರ ಜೊತೆಗೆ ಪಕ್ಕದ ಮನೆಯವರು ಕೊಟ್ಟ ದೊಡ್ಡಪತ್ರೆ ಕಡ್ಡಿ, ಖಾಲಿಯಾದ ಪೇಂಟ್ ಡಬ್ಬ. ಹೀಗೇ ಬೆಳೆಯುತ್ತದೆ.

ಕುಂಡಗಳ ಲೆಕ್ಕವನ್ನು ತಾರಸಿಯ ಅಗಲ ನೋಡಿ ಹಾಕಬಾರದು, ಏಪ್ರಿಲ್ ತಿಂಗಳ ನೀರು ನೋಡಿ ಹಾಕಬೇಕು. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದದ್ದು ನೆನಪಿರಬಹುದು. 12 ಇಂಚಿನ ಕುಂಡವೊಂದು ಬಿರುಬೇಸಿಗೆಯಲ್ಲಿ ದಿನಕ್ಕೆ ಒಂದೆರಡು ಲೀಟರ್ ಕುಡಿಯುತ್ತದೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನಿಮ್ಮಲ್ಲಿ ಎಷ್ಟು ಬಕೆಟ್ ಆಗುತ್ತದೋ ಅಳೆದು ನೋಡಿ. ಅದು ಸಾಲುವಷ್ಟು ಗಿಡ ಉಳಿಸಿಕೊಳ್ಳಿ, ಮಿಕ್ಕದ್ದನ್ನು ಬೇಕೆಂದವರಿಗೆ ಕೊಟ್ಟುಬಿಡಿ. ಸೊರಗಿದ ಗುಲಾಬಿಯನ್ನು ವರ್ಷಗಟ್ಟಲೆ ಸಾಕುವ ಮಮಕಾರ ನನಗೂ ಅರ್ಥವಾಗುತ್ತದೆ. ಆದರೂ ಮೊದಲು ಹೋಗಬೇಕಾದ್ದು ಅದೇ.

ಉಳಿದ ಕುಂಡಗಳನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲಿಡಿ. ಕೆಳಗೆ ಪೊರಕೆ ಆಡಬೇಕು, ತಾರಸಿಯ ನೀರು ಹರಿದುಹೋಗಬೇಕು. ಒದ್ದೆ ಮಣ್ಣು ತುಂಬಿದ ದೊಡ್ಡ ಕುಂಡ ಇಪ್ಪತ್ತು ಕಿಲೋ ತೂಗುತ್ತದೆ. ಎಲ್ಲವನ್ನೂ ತಾರಸಿಯ ನಡುವೆ ಪೇರಿಸದೆ ಗೋಡೆಯ ಮೇಲೆ ಭಾರ ಬೀಳುವ ಅಂಚಿನಲ್ಲಿ ಜೋಡಿಸಿ. ತಳದ ತಟ್ಟೆಗಳನ್ನು ವಾರಕ್ಕೊಮ್ಮೆ ಬೋರಲು ಹಾಕಿ ಉಜ್ಜಿ. ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಎಂಟು ಹತ್ತು ದಿನ ಸಾಕು.

ನೆಲದ ವಿಷಯ ಬೇರೆ. ಬೆಂಗಳೂರಿನಲ್ಲಿ ಮಳೆಯ ಜೋರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನಿಮ್ಮ ಕಾಡು ಹುಟ್ಟುವುದೂ ಆಗಲೇ. ಮಳೆ ನಿಂತ ಮಾರನೆಯ ದಿನ ಮಣ್ಣು ಹದವಾಗಿರುತ್ತದೆ. ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತು ಬೇರುಸಮೇತ ಕಿತ್ತರೆ ಭಾನುವಾರ ಉಳಿಯುತ್ತದೆ. ಕುಡುಗೋಲಿನಲ್ಲಿ ಸವರಿದರೆ ಗರಿಕೆ ವಾರದೊಳಗೆ ತಲೆಯೆತ್ತುತ್ತದೆ. ಕಾಂಗ್ರೆಸ್ ಗಿಡವನ್ನಂತೂ ಬಿಳಿ ಹೂ ಕಾಣುವ ಮುಂಚೆಯೇ ಕೀಳಬೇಕು. ಒಂದೊಂದು ಗಿಡವೂ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಮೈ ತುರಿಸೀತು, ಕೈಗವಸು ಮರೆಯಬೇಡಿ. ಖಾಲಿಯಾದ ಜಾಗಕ್ಕೆ ಎರಡಿಂಚು ಒಣಗಿದೆಲೆ ಹೊದಿಸಿ, ಬುಡದಿಂದ ಒಂದು ಗೇಣು ಬಿಟ್ಟು. ತೀರ ಒತ್ತಿದರೆ ಅಡಿಯಲ್ಲಿ ಆಫ್ರಿಕನ್ ಬಸವನಹುಳು ಸಂಸಾರ ಹೂಡುತ್ತದೆ. ಅದನ್ನು ರಾತ್ರಿ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದೊಂದೇ ನಾನು ನಂಬುವ ಉಪಾಯ.

ಕತ್ತರಿ ಹಾಕಲು ಅಂಜಬೇಡಿ. ಕರಿಬೇವನ್ನು ಎಲೆ ಎಲೆಯಾಗಿ ಕೀಳುವುದರಿಂದಲೇ ಅದು ಕೋಲಿನಂತೆ ಮೇಲೇರುತ್ತದೆ. ಒಗ್ಗರಣೆಗೆ ಬೇಕಾದಾಗ ಕುಡಿಸಮೇತ ಮುರಿಯಿರಿ, ಮುರಿದಲ್ಲಿ ಎರಡು ಕವಲೊಡೆಯುತ್ತದೆ. ಸುತ್ತ ಏಳುವ ಮರಿಗಳನ್ನೂ ಕಿತ್ತುಹಾಕಿ. ದಾಸವಾಳದ ತುದಿಗೆ ಬಿಳಿ ಹಿಟ್ಟುತಿಗಣೆ ಕೂತಿದ್ದರೆ ಔಷಧಿಗಿಂತ ಮೊದಲು ಆ ತುದಿಯನ್ನೇ ಕತ್ತರಿಸಿ. ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸೋಪು ಬೆರೆಸಿ ಸಿಂಪಡಿಸಿ. ಗುಲಾಬಿಗೆ ಮಳೆ ತಗ್ಗಿದ ಮೇಲೆ ಕತ್ತರಿ, ಮಲ್ಲಿಗೆಗೆ ಡಿಸೆಂಬರ್‌ನಲ್ಲಿ.

ಸಂಪಿಗೆ, ಹಲಸಿನ ಸಸಿ ನೆಟ್ಟಿದ್ದರೆ ಈಗಲೇ ಯೋಚಿಸಿ. ನಿಮ್ಮದೇ ಕಾಂಪೌಂಡಿನೊಳಗಿದ್ದರೂ ಮರವಾದ ಮೇಲೆ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಮೊಳಕಾಲೆತ್ತರ ಇರುವಾಗ ಊರಿನ ತೋಟಕ್ಕೆ ಸಾಗಿಸುವುದು ಸುಲಭ.