ವಾಹನದ ಹೊಳಪು: ಬಂಡವಾಳ ಎಷ್ಟು, ವೆಚ್ಚ ಎಷ್ಟು?

ಟೊಯೋಟ ಕಿರ್ಲೋಸ್ಕರ್ ಸಂಸ್ಥೆಯು 1999ರ ಡಿಸೆಂಬರ್ ತಿಂಗಳಿನಲ್ಲಿ ಬಿಡದಿಯ ಕಾರ್ಖಾನೆಯಲ್ಲಿ ಉತ್ಪಾದನೆಯನ್ನು ಆರಂಭಿಸಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಬಿಡದಿ, ಬೈರಮಂಗಲ, ರಾಮನಗರ, ಚನ್ನಪಟ್ಟಣಗಳ ತರುಣರಿಗೆ ವಾಹನವನ್ನು ಅವಲಂಬಿಸಿದ ಉದ್ಯೋಗಗಳು ಈಗ ಹೊಸತಲ್ಲ. ಅವುಗಳಲ್ಲಿ ಕಡಿಮೆ ಬಂಡವಾಳದಿಂದ ಆರಂಭಿಸಬಹುದಾದ ಒಂದು ಉದ್ಯೋಗವೆಂದರೆ ‘ಕಾರ್ ಡೀಟೇಲಿಂಗ್’, ಅಂದರೆ ವಾಹನವನ್ನು ಶುಚಿಗೊಳಿಸಿ, ಹೊಳಪು ನೀಡಿ, ಆ ಹೊಳಪು ಉಳಿಯುವಂತೆ ಮಾಡುವ ಕೆಲಸ.

ಈ ಲೇಖನವು ವಾಹನ ಹೊಂದಿರುವ ಸದಸ್ಯರಿಗೂ ಈ ಉದ್ಯೋಗಕ್ಕೆ ಕೈಹಾಕುವವರಿಗೂ ಉಪಯುಕ್ತವಾಗಬೇಕೆಂಬುದು ನನ್ನ ಉದ್ದೇಶ. ಲೆಕ್ಕಪರಿಶೋಧಕನಿಗೂ ಪಾಲಿಶ್‌ಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ಬಂಡವಾಳ ಯಾವುದು, ವೆಚ್ಚ ಯಾವುದು ಎಂಬ ವಿವೇಚನೆ ತಪ್ಪಿದರೆ ವ್ಯಾಪಾರ ಕೆಡುವಂತೆ ವಾಹನದ ಬಣ್ಣವೂ ಕೆಡುತ್ತದೆ.

1. ಹೊಳಪು ಎಲ್ಲಿದೆ?

ಕಾರಿನ ಲೋಹದ ಮೇಲೆ ತುಕ್ಕು ತಡೆಯುವ ಲೇಪ, ಪ್ರೈಮರ್, ಬಣ್ಣ ಮತ್ತು ಕೊನೆಯದಾಗಿ ಪಾರದರ್ಶಕವಾದ ‘ಕ್ಲಿಯರ್ ಕೋಟ್’ ಹೀಗೆ ಪದರಗಳಿರುತ್ತವೆ. ನಾವು ಹೊಳಪು ಎನ್ನುವುದು ಈ ಮೇಲ್ಪದರದ ನುಣುಪನ್ನು. ಇದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿನ ಎಳೆಗಿಂತಲೂ ತೆಳುವು. ಬಿಸಿಲಿನ ನೇರಳಾತೀತ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಇದೇ ಪದರ.

ಚನ್ನಪಟ್ಟಣದ ಬೊಂಬೆಯನ್ನು ಬಲ್ಲವರಿಗೆ ಒಂದು ಹೋಲಿಕೆ ಸುಲಭವಾಗಿ ಅರ್ಥವಾಗುತ್ತದೆ. ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರವನ್ನು ಆವರಿಸುತ್ತದೆ. ಬಳಿಕ ತಾಳೆಗರಿಯಿಂದ ಉಜ್ಜಿದಾಗ ಹೊಳಪೇರುತ್ತದೆ. ಅಲ್ಲಿ ಹೊಳಪು ಬರುವುದು ಒಂದು ಪದರವನ್ನು ಸೇರಿಸುವುದರಿಂದ. ಕಾರಿಗೆ ಯಂತ್ರದಿಂದ ಪಾಲಿಶ್ ಮಾಡುವಾಗ ನಡೆಯುವುದು ಇದಕ್ಕೆ ತದ್ವಿರುದ್ಧ. ಗೀರು ಬಿದ್ದ ಮೇಲ್ಪದರವನ್ನೇ ಅತಿ ಸೂಕ್ಷ್ಮವಾಗಿ ಸವೆಸಿ ಸಮಮಾಡಲಾಗುತ್ತದೆ. ಬೊಂಬೆಯ ಹೊಳಪು ಸಂಕಲನ, ಕಾರಿನ ಹೊಳಪು ವ್ಯವಕಲನ.

ಒರಟು ಕಾಂಪೌಂಡ್ ಬಳಸಿ ಒಮ್ಮೆ ಪಾಲಿಶ್ ಮಾಡಿದರೆ ಒಂದೆರಡರಿಂದ ನಾಲ್ಕೈದು ಮೈಕ್ರಾನ್‌ವರೆಗೆ ಪದರ ಸವೆಯಬಹುದು. ಉದಾಹರಣೆಗೆ, 45 ಮೈಕ್ರಾನ್ ಪದರದಲ್ಲಿ 9 ಮೈಕ್ರಾನ್ ಮಾತ್ರ ಸವೆಸಬಹುದೆಂದು ನಾವೇ ಮಿತಿ ಹಾಕಿಕೊಂಡೆವೆನ್ನೋಣ. ಸಲಕ್ಕೆ 3 ಮೈಕ್ರಾನ್‌ನಂತೆ ವಾಹನದ ಇಡೀ ಆಯುಷ್ಯದಲ್ಲಿ ಮೂರು ಬಾರಿ ಮಾತ್ರ ಅಂತಹ ಪಾಲಿಶ್ ಸಾಧ್ಯ. ಪ್ರತಿ ಯುಗಾದಿಗೂ ಪ್ರತಿ ಆಯುಧಪೂಜೆಗೂ ‘ರಬ್ಬಿಂಗ್ ಪಾಲಿಶ್’ ಮಾಡಿಸುವವರು ಎರಡನೆಯ ವರ್ಷ ಮುಗಿಯುವ ಮೊದಲೇ ಈ ಮಿತಿಯನ್ನು ದಾಟಿರುತ್ತಾರೆ.

ಆದುದರಿಂದ ಮೊದಲನೆಯ ಸೂತ್ರ ಇದು: ಕ್ಲಿಯರ್ ಕೋಟ್ ಬಂಡವಾಳ, ತೊಳೆಯುವಿಕೆ ಮತ್ತು ಮೇಣ ರಾಜಸ್ವ ವೆಚ್ಚ, ಪಾಲಿಶ್ ಎಂಬುದು ಬಂಡವಾಳದಿಂದಲೇ ಮಾಡುವ ಖರ್ಚು.

2. ಗೀರುಗಳು ಬರುವುದು ಎಲ್ಲಿಂದ?

ಬಿಸಿಲಿನಲ್ಲಿ ನಿಂತ ಕಪ್ಪು ಕಾರಿನ ಮೇಲೆ ಜೇಡರ ಬಲೆಯಂತೆ ಕಾಣುವ ಗೀರುಗಳಲ್ಲಿ ಬಹುಪಾಲು ರಸ್ತೆಯಲ್ಲಿ ಬಿದ್ದವಲ್ಲ, ಒರೆಸುವಾಗ ಬಿದ್ದವು. ನಮ್ಮ ರಾಮನಗರದ ಬೆಟ್ಟಗಳ ಶಿಲೆಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಕರೆಯುತ್ತಾರೆ. ಗ್ರಾನೈಟ್‌ನ ಒಂದು ಮುಖ್ಯ ಖನಿಜವಾದ ಸ್ಫಟಿಕ ಶಿಲೆಯ ಕಾಠಿಣ್ಯ ಮೋಸ್ ಮಾಪಕದಲ್ಲಿ 7. ಅದು ಗಾಜನ್ನೂ ಗೀರಬಲ್ಲದು. ಇಂತಹ ಕಣಗಳುಳ್ಳ ಧೂಳು ಕೂತ ಕಾರನ್ನು ಬೆಳಿಗ್ಗೆ ಎದ್ದು ಒಣ ಬಟ್ಟೆಯಿಂದ ಒರೆಸುವುದೆಂದರೆ ಉಪ್ಪುಕಾಗದದಿಂದ ಉಜ್ಜಿದಂತೆಯೇ. ಚಾಲಕರು ಶ್ರದ್ಧೆಯಿಂದ ಮಾಡುವ ಈ ನಿತ್ಯಸೇವೆಯನ್ನು ನಿಲ್ಲಿಸುವುದೇ ಖರ್ಚಿಲ್ಲದ ಮೊದಲ ಸುಧಾರಣೆ.

3. ಕ್ರಮಬದ್ಧ ವಿಧಾನ

ಅ) ತೊಳೆಯುವುದು: ವಾಹನವು ನೆರಳಿನಲ್ಲಿರಬೇಕು, ಬಾನೆಟ್ ತಣ್ಣಗಿರಬೇಕು. ಮೊದಲು ನೀರು ಹಾಯಿಸಿ ಧೂಳನ್ನು ಇಳಿಸಬೇಕು. ಎರಡು ಬಕೆಟ್‌ಗಳನ್ನು ಇಟ್ಟುಕೊಂಡು ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಾಡಲು ಬರಿಯ ನೀರು ಇರಿಸಬೇಕು. ಮೈಕ್ರೋಫೈಬರ್ ಕೈಗವಸಿನಿಂದ ಮೇಲಿನಿಂದ ಕೆಳಕ್ಕೆ ನೇರ ಗೆರೆಗಳಲ್ಲಿ ತೊಳೆಯಬೇಕು, ಸುತ್ತಿಸಿ ಉಜ್ಜಬಾರದು. ಚಕ್ರಗಳಿಗೆ ಬೇರೆಯೇ ಬಕೆಟ್, ಬೇರೆಯೇ ಬಟ್ಟೆ ಇರಲಿ. ಪಾತ್ರೆ ತೊಳೆಯುವ ಸಾಬೂನು ಮೇಣದ ರಕ್ಷಣೆಯನ್ನೂ ತೊಳೆದುಬಿಡುವುದರಿಂದ ಆಮ್ಲವೂ ಕ್ಷಾರವೂ ಅಲ್ಲದ ಕಾರ್ ಶಾಂಪೂವನ್ನೇ ಬಳಸಬೇಕು.

ಆ) ಒರೆಸುವುದು: ಗಡಸು ಬೋರ್‌ವೆಲ್ ನೀರು ಕಾರಿನ ಮೇಲೆ ತಾನಾಗಿ ಒಣಗಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಕಲೆಗಳಾಗಿ ಉಳಿಯುತ್ತವೆ. ಆದ್ದರಿಂದ ತೊಳೆದ ಕೂಡಲೇ ದಪ್ಪ ಮೈಕ್ರೋಫೈಬರ್ ಬಟ್ಟೆಯನ್ನು ಹಾಸಿ ನೀರನ್ನು ಹೀರಿಸಬೇಕು.

ಇ) ಅಂಟಿದ ಕೊಳೆ ತೆಗೆಯುವುದು: ತೊಳೆದ ಮೇಲೂ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಸವರಿದಾಗ ತರಿತರಿಯೆನಿಸಿದರೆ ಬ್ರೇಕಿನ ಕಬ್ಬಿಣದ ಕಣ, ಡಾಂಬರು, ಮರದ ಅಂಟು ಮೊದಲಾದುವು ಕೂತಿವೆ ಎಂದರ್ಥ. ಕಬ್ಬಿಣಕ್ಕೆ ಐರನ್ ರಿಮೂವರ್, ಡಾಂಬರಿಗೆ ಟಾರ್ ರಿಮೂವರ್, ಉಳಿದುದಕ್ಕೆ ಜಾರುದ್ರವ ಸಿಂಪಡಿಸಿ ಕ್ಲೇ ಬಾರ್ ಬಳಸುವುದು ಕ್ರಮ. ಕೆಳಗೆ ಬಿದ್ದ ಕ್ಲೇ ತುಂಡನ್ನು ಮತ್ತೆ ಬಳಸಬಾರದು.

ಈ) ಪಾಲಿಶ್: ಇದು ಅಗತ್ಯವಿದ್ದಾಗ ಮಾತ್ರ. ಮೊದಲು ದಪ್ಪ ಅಳೆಯುವ ಮಾಪಕದಿಂದ ಪ್ರತಿ ಭಾಗವನ್ನೂ ಅಳೆದು ಬರೆದಿಡಬೇಕು. ಈ ಮಾಪಕ ತೋರಿಸುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನು ಎಂಬುದು ನೆನಪಿರಲಿ. ಒಂದು ಸಣ್ಣ ಜಾಗದಲ್ಲಿ ಅತಿ ಮೃದುವಾದ ಪ್ಯಾಡ್ ಮತ್ತು ಪಾಲಿಶ್‌ನಿಂದ ಪರೀಕ್ಷಿಸಿ, ಸಾಲದಿದ್ದರೆ ಮಾತ್ರ ಒರಟು ಕಾಂಪೌಂಡ್‌ಗೆ ಹೋಗಬೇಕು. ಕಲಿಯುವವರಿಗೆ ಬಿರುಸಾಗಿ ಸುತ್ತುವ ರೋಟರಿ ಯಂತ್ರಕ್ಕಿಂತ ಡ್ಯುಯಲ್ ಆ್ಯಕ್ಷನ್ ಯಂತ್ರವೇ ಸುರಕ್ಷಿತ. ಅಂಚುಗಳಲ್ಲಿ ಪದರ ಬೇಗ ಸವೆಯುವುದರಿಂದ ಅಲ್ಲಿ ವಿಶೇಷ ಎಚ್ಚರ ಬೇಕು.

ಉ) ರಕ್ಷಣೆ: ಬ್ರೆಜಿಲ್‌ನ ಒಂದು ತಾಳೆಜಾತಿಯ ಎಲೆಗಳಿಂದ ದೊರೆಯುವ ಕಾರ್ನೂಬ ಮೇಣವು ಒಳ್ಳೆಯ ಹೊಳಪು ಕೊಡುತ್ತದೆ, ಆದರೆ ನಮ್ಮ ಬಿಸಿಲು ಮಳೆಗಳಲ್ಲಿ ಕೆಲವು ವಾರಗಳಿಂದ ಒಂದೆರಡು ತಿಂಗಳು ಬಾಳುತ್ತದೆ. ಕೃತಕ ಸೀಲೆಂಟ್ ಹಲವು ತಿಂಗಳು ನಿಲ್ಲುತ್ತದೆ. ಸಿಲಿಕಾ ಆಧಾರಿತ ಸೆರಾಮಿಕ್ ಲೇಪನವು ಸರಿಯಾಗಿ ಹಚ್ಚಿ ಸರಿಯಾಗಿ ನೋಡಿಕೊಂಡರೆ ವರ್ಷಗಳ ಕಾಲ ಬಾಳಬಲ್ಲದು.

ಸೆರಾಮಿಕ್ ಬಗ್ಗೆ ಒಂದು ಮಾತು. ಮಾರಾಟಗಾರರು ಹೇಳುವ ‘9ಎಚ್’ ಎಂಬುದು ಪೆನ್ಸಿಲ್ ಕಾಠಿಣ್ಯದ ಅಳತೆ. ವಜ್ರಕ್ಕೆ 10 ಅಂಕ ನೀಡುವ ಮೋಸ್ ಮಾಪಕಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಲೇಪನವು ಕಲ್ಲೇಟನ್ನು ತಡೆಯುವುದಿಲ್ಲ. ಕಾರನ್ನು ತೊಳೆಯುವ ಅಗತ್ಯವನ್ನೂ ನಿವಾರಿಸುವುದಿಲ್ಲ, ತೊಳೆಯುವುದನ್ನು ಸುಲಭಗೊಳಿಸುತ್ತದೆ. ಗ್ರಾಹಕನಿಗೆ ಇದನ್ನು ಮೊದಲೇ ಹೇಳುವುದು ವ್ಯಾಪಾರಧರ್ಮ.

4. ಪ್ಯಾಕೇಜ್ ಹಣ ಲಾಭವಲ್ಲ

ಈ ಉದ್ಯೋಗದಲ್ಲಿ ಹಲವರು ಎಡವುವ ಸ್ಥಳ ಇದು. ಒಬ್ಬ ಉದ್ಯಮಿಯು ಆರು ಉಚಿತ ನಿರ್ವಹಣಾ ಸೇವೆಗಳನ್ನೊಳಗೊಂಡ ಮೂರು ವರ್ಷಗಳ ಸೆರಾಮಿಕ್ ಪ್ಯಾಕೇಜನ್ನು ರೂ. 24,000ಕ್ಕೆ ಮಾರಿದನೆಂದು ಉದಾಹರಣೆಗಾಗಿ ಭಾವಿಸೋಣ. ಶೇ. 18ರ ಜಿಎಸ್‌ಟಿ ರೂ. 4,320 ಸೇರಿ ಕೈಗೆ ಬಂದದ್ದು ರೂ. 28,320. ಸಾಮಗ್ರಿಗೆ ರೂ. 5,000, ಕೂಲಿಗೆ ರೂ. 4,500, ಬಾಡಿಗೆ ಮತ್ತು ವಿದ್ಯುತ್ತಿಗೆ ರೂ. 2,500 ಹೀಗೆ ಒಟ್ಟು ರೂ. 12,000 ಖರ್ಚಾಯಿತು. ಗಲ್ಲದಲ್ಲಿ ಉಳಿದ ರೂ. 16,320 ಲಾಭವೆಂದೇ ಕಾಣುತ್ತದೆ.

ಆದರೆ ಅದರಲ್ಲಿ ರೂ. 4,320 ಸರ್ಕಾರದ್ದು. ಇನ್ನು ಮಾಡಿಕೊಡಬೇಕಾದ ಆರು ಸೇವೆಗಳಿಗೆ ತಲಾ ರೂ. 1,000ದಂತೆ ರೂ. 6,000 ಹೊಣೆಗಾರಿಕೆ, ಅದು ಅಢಾವೆ ಪತ್ರಿಕೆಯಲ್ಲಿ ಇರಬೇಕಾದ ಮೊತ್ತವೇ ಹೊರತು ಲಾಭ-ನಷ್ಟ ಖಾತೆಯಲ್ಲಿ ಅಲ್ಲ. ನಿಜವಾದ ಲಾಭ ರೂ. 6,000 ಮಾತ್ರ. ರೂ. 16,320 ಲಾಭವೆಂದು ನಂಬಿ ಎರಡನೆಯ ಅಂಗಡಿ ತೆರೆದವನಿಗೆ ಮರುವರ್ಷ ಉಚಿತ ಸೇವೆಯ ಕಾರುಗಳು ಸಾಲುಗಟ್ಟಿದಾಗ ಕೂಲಿಗೂ ಹಣವಿರುವುದಿಲ್ಲ. ಈ ಹೊಣೆಗಾರಿಕೆಯ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡುವುದು ಉತ್ತಮ ಅಭ್ಯಾಸ.

5. ತೆರಿಗೆಯ ಕೆಲವು ಅಂಶಗಳು

ಸೇವೆಗಳಿಗೆ ಸಂಬಂಧಿಸಿದಂತೆ ನಮ್ಮ ರಾಜ್ಯದಲ್ಲಿ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ರೂ. 50 ಲಕ್ಷದವರೆಗಿನ ಸೇವಾದಾರರು ಶೇ. 6ರ ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಆಗ ಗ್ರಾಹಕನಿಂದ ತೆರಿಗೆ ವಸೂಲು ಮಾಡುವಂತಿಲ್ಲ, ತಾವು ಕೊಂಡ ಸಾಮಗ್ರಿಯ ಮೇಲಿನ ಹೂಡುವಳಿ ತೆರಿಗೆಯ ಜಮೆಯೂ ಸಿಗದು.

ಈ ಪದ್ಧತಿ ಡೀಟೇಲಿಂಗ್ ಅಂಗಡಿಗೆ ಏಕೆ ಹೊಂದುತ್ತದೆ ಎಂಬುದನ್ನು ಗಮನಿಸಬೇಕು. ಹದಿಮೂರು ಅಥವಾ ಅದಕ್ಕಿಂತ ಕಡಿಮೆ ಆಸನಗಳ ಪ್ರಯಾಣಿಕ ವಾಹನಗಳಿಗೆ ಪಡೆದ ದುರಸ್ತಿ ಹಾಗೂ ನಿರ್ವಹಣೆಯ ಸೇವೆಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ವಾಹನ ಮಾರಾಟ, ಪ್ರಯಾಣಿಕ ಸಾಗಣೆ, ಚಾಲನಾ ತರಬೇತಿಯಂತಹ ವಹಿವಾಟುಗಳಿಗೆ ಮಾತ್ರ ಷರತ್ತುಬದ್ಧ ವಿನಾಯಿತಿ ಉಂಟು. ಅಂದರೆ ಕಾರ್ಖಾನೆಯ ಮಾಲೀಕರು ತಮ್ಮ ಕಾರಿಗೆ ಪಾವತಿಸಿದ ತೆರಿಗೆ ಹೇಗಿದ್ದರೂ ಅವರಿಗೆ ಹಿಂದಿರುಗದು. ಆದ್ದರಿಂದ ಅಂಗಡಿಯವನು ರಾಜಿ ಪದ್ಧತಿಯಲ್ಲಿದ್ದರೂ ಅಂತಹ ಗ್ರಾಹಕನಿಗೆ ನಷ್ಟವಿಲ್ಲ. ಸಾಮಗ್ರಿಯ ಪಾಲು ಎಷ್ಟೆಂದು ಲೆಕ್ಕಹಾಕಿ ತೀರ್ಮಾನಿಸಬೇಕು.

ವ್ಯವಹಾರಕ್ಕೆ ಬಳಸುವ ಕಾರಿನ ನಿಯತ ತೊಳೆಯುವಿಕೆ, ಮೇಣ, ಪಾಲಿಶ್ ಆಯಾ ವರ್ಷದ ವೆಚ್ಚ. ಹೊಸ ಕಾರನ್ನು ಬಳಕೆಗೆ ಇಳಿಸುವ ಮೊದಲೇ ಮಾಡಿಸಿದ ದುಬಾರಿ ಲೇಪನವನ್ನು ಕಾರಿನ ಮೂಲಬೆಲೆಗೆ ಸೇರಿಸಿ ಸವಕಳಿ ಪಡೆಯುವುದು ಸಮಂಜಸ. ಸ್ವಂತ ಬಳಕೆಯ ಪಾಲನ್ನು ಎರಡೂ ಸಂದರ್ಭದಲ್ಲಿ ಕಳೆಯಬೇಕು.

6. ನೀರು: ಲೆಕ್ಕಕ್ಕೆ ಬಾರದ ಬಂಡವಾಳ

ನಿಮಿಷಕ್ಕೆ 10 ಲೀಟರ್ ಸುರಿಯುವ ಪೈಪನ್ನು 15 ನಿಮಿಷ ಹಿಡಿದರೆ 150 ಲೀಟರ್ ನೀರು ಹೋಗುತ್ತದೆ. ಎರಡು ಬಕೆಟ್ ಕ್ರಮದಲ್ಲಿ 40 ಲೀಟರ್‌ನಷ್ಟು ಸಾಕು. ಧೂಳು ಕಡಿಮೆಯಿರುವಾಗ ‘ರಿನ್ಸ್‌ಲೆಸ್’ ದ್ರವ ಬಳಸಿದರೆ ಒಂದೇ ಬಕೆಟ್ ಸಾಕು. 2024ರ ಮಾರ್ಚ್‌ನಲ್ಲಿ ನೀರಿನ ಕೊರತೆ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ ರೂ. 5,000 ದಂಡ ವಿಧಿಸಿತು. ಪೈಪಿನ ನೀರನ್ನೇ ನಂಬಿದ ಅಂಗಡಿಗೆ ಅಂತಹ ಒಂದು ಆದೇಶ ಬಂದರೆ ಬಾಗಿಲು ಹಾಕಬೇಕಾಗುತ್ತದೆ. ಬಕೆಟ್ ಕ್ರಮವನ್ನು ರೂಢಿಸಿಕೊಂಡವನು ಮಳೆನೀರು ಅಥವಾ ಶುದ್ಧೀಕರಿಸಿದ ನೀರಿನಿಂದಲೂ ನಿಭಾಯಿಸಬಲ್ಲ.

ತೊಳೆದ ನೀರು ಹೋಗುವುದೆಲ್ಲಿಗೆ ಎಂಬುದು ನಮ್ಮ ಭಾಗದಲ್ಲಿ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿಯು ಬೈರಮಂಗಲದ ಕೆರೆಯನ್ನು ಸೇರುತ್ತದೆ. ಕೆರೆಯ ನೊರೆಯನ್ನು ಈ ಊರಿನವರು ವರ್ಷಗಳಿಂದ ಕಂಡಿದ್ದಾರೆ. ಆ ನೀರು ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾರಿನ ತಳಭಾಗಕ್ಕೆ ಡೀಸೆಲ್ ಸಿಂಪಡಿಸಿ ಹೊಳಪು ತರುವ ಪದ್ಧತಿಯನ್ನು ಕೈಬಿಡಬೇಕು. ಅದು ರಬ್ಬರ್ ಬುಷ್‌ಗಳನ್ನು ಹಾಳುಮಾಡುವುದಲ್ಲದೆ ಎಣ್ಣೆಯನ್ನು ಚರಂಡಿಗೆ ಸೇರಿಸುತ್ತದೆ. ಅಂಗಡಿ ಕಟ್ಟುವಾಗಲೇ ಹೂಳುಗುಂಡಿ ಮತ್ತು ಎಣ್ಣೆ ಬೇರ್ಪಡಿಸುವ ತೊಟ್ಟಿಯನ್ನು ಅಂದಾಜುಪಟ್ಟಿಯಲ್ಲಿ ಸೇರಿಸಿ, ಅಗತ್ಯ ಒಪ್ಪಿಗೆಗಳ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸುವುದು ಲೇಸು.

ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ವಾರಕ್ಕೊಮ್ಮೆ ಸರಿಯಾದ ತೊಳೆಯುವಿಕೆ, ಒಂದೆರಡು ತಿಂಗಳಿಗೊಮ್ಮೆ ಮೇಣ ಅಥವಾ ಆರು ತಿಂಗಳಿಗೊಮ್ಮೆ ಸೀಲೆಂಟ್, ಅಳೆದು ನೋಡಿ ಅಪರೂಪಕ್ಕೊಮ್ಮೆ ಪಾಲಿಶ್ ಇಷ್ಟೇ ಹೊಳಪಿನ ರಹಸ್ಯ. ಹೊಳಪನ್ನು ಪ್ರತಿಸಲ ಹೊಸದಾಗಿ ಸಂಪಾದಿಸಲು ಹೊರಡುವುದಕ್ಕಿಂತ ಇರುವುದನ್ನು ಕಳೆದುಕೊಳ್ಳದಿರುವುದು ಅಗ್ಗ. ಕ್ಲಿಯರ್ ಕೋಟ್, ಗ್ರಾಹಕನ ಮುಂಗಡ ಹಣ, ಕೆರೆಯ ನೀರು ಈ ಮೂರೂ ನಮ್ಮ ವಶದಲ್ಲಿರುವ ಬಂಡವಾಳಗಳು; ಅವುಗಳನ್ನು ಲಾಭವೆಂದು ಎಣಿಸಿ ಖರ್ಚುಮಾಡಬಾರದು. ಹೊಸದಾಗಿ ಈ ಉದ್ಯೋಗಕ್ಕೆ ಬರುವ ತರುಣರಿಗೆ ಸದಸ್ಯರು ಈ ಮಾತನ್ನು ತಲುಪಿಸಿದರೆ ಲೇಖನದ ಉದ್ದೇಶ ಸಾರ್ಥಕವಾದಂತೆ.