ಬಾವಿ, ಬೋರಿನ ನೀರು: ಕುದಿಸಿದರೆ ಹೋಗುವುದು, ಹೋಗದಿರುವುದು

"ನೀರು ಕಾಯಿಸಿ ಆರಿಸೇ ಕುಡೀತೀವ್ರಿ, ಆದ್ರೂ ಮನ್ಯಾಗ ಎಲ್ಲಾರಿಗೂ ಮೊಣಕಾಲು, ಟೊಂಕ ನೋವು ಬಿಡವಲ್ದು" ಎಂದು ಹೇಳುವ ಮನೆಗಳು ನಮ್ಮ ಕಡೆ ಹಲವು. ಅವರು ಹೇಳುವುದು ಸುಳ್ಳಲ್ಲ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಆದರೆ ನೀರಿನಲ್ಲಿ ಕರಗಿರುವ ಫ್ಲೋರೈಡ್, ನೈಟ್ರೇಟ್ ಮುಂತಾದ ಲವಣಗಳು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಲವಣ ಅಷ್ಟೇ ಉಳಿಯುತ್ತದೆ. ಅಂದರೆ ಅದರ ಪ್ರಮಾಣ ಸ್ವಲ್ಪ ಹೆಚ್ಚೇ ಆಗುತ್ತದೆ. ಆದ್ದರಿಂದ ಫಿಲ್ಟರು ಕೊಳ್ಳುವ ಮೊದಲು ನಿಮ್ಮ ನೀರಿನಲ್ಲಿರುವ ದೋಷ ಯಾವುದೆಂದು ತಿಳಿಯಿರಿ.

ಸೇದುವ ಬಾವಿಯ ನೀರು

ಆಳವಿಲ್ಲದ ತೆರೆದ ಬಾವಿಯಲ್ಲಿ ಮುಖ್ಯ ಭಯ ರೋಗಾಣುಗಳದು. ವಾಂತಿ-ಭೇದಿ, ಕಾಮಾಲೆ, ಟೈಫಾಯ್ಡ್ ಹರಡುವುದು ಹೀಗೆಯೇ. ಮೊದಲ ಮಳೆ ಬಿದ್ದಾಗ ತಿಪ್ಪೆಯ ನೀರು, ಬಚ್ಚಲ ನೀರು, ಶೌಚಾಲಯದ ಗುಂಡಿಯ ನೀರು ಮಣ್ಣಿನೊಳಗೆ ಇಳಿದು ಬಾವಿ ಸೇರುತ್ತವೆ. ನೀರು ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು. ಬಾವಿಗೂ ಶೌಚಾಲಯದ ಗುಂಡಿಗೂ ಕನಿಷ್ಠ 15 ಮೀಟರ್, ಅಂದರೆ 50 ಅಡಿ ಅಂತರವಿರಬೇಕು. ಬಾವಿಗೆ ಎತ್ತರದ ಕಟ್ಟೆ, ಸುತ್ತ ಸಿಮೆಂಟಿನ ಜಗುಲಿ, ಚೆಲ್ಲಿದ ನೀರು ದೂರ ಹರಿಯಲು ಕಾಲುವೆ, ಮೇಲೊಂದು ಮುಚ್ಚಳ ಬೇಕು. ಎಲ್ಲರೂ ತಮ್ಮ ತಮ್ಮ ಕೊಡಕ್ಕೆ ಹಗ್ಗ ಕಟ್ಟಿ ಇಳಿಸುವ ಬದಲು ಬಾವಿಗೇ ಒಂದು ಬಕೆಟ್ಟು, ಹಗ್ಗ ಇಡಿ.

ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವವರು ಹೆಚ್ಚಾಗಿ ಮುಷ್ಟಿ ಲೆಕ್ಕದಲ್ಲಿ ಎರಚಿಬಿಡುತ್ತಾರೆ. ಅದು ಸರಿಯಲ್ಲ. ಒಳ್ಳೆಯ ಪುಡಿಯಾದರೆ ಸಾಮಾನ್ಯವಾಗಿ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಬೇಕು. ಬಾವಿಯ ಅಗಲ 2 ಮೀಟರ್, ನೀರಿನ ಆಳ 5 ಮೀಟರ್ ಇದ್ದರೆ ಅದರಲ್ಲಿ ಸುಮಾರು 15,700 ಲೀಟರ್ ನೀರಿರುತ್ತದೆ. ಅದಕ್ಕೆ 40 ಗ್ರಾಂ ಪುಡಿ ಸಾಕು. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನಲ್ಲಿ ಕಲಸಿ, ಮುಕ್ಕಾಲು ಬಕೆಟ್ಟು ನೀರು ತುಂಬಿ, ಕದಡಿ ಹತ್ತು ನಿಮಿಷ ಬಿಡಿ. ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ಬಾವಿಗೆ ಇಳಿಸಿ, ನೀರೊಳಗೆ ಮೇಲೆ ಕೆಳಗೆ ಆಡಿಸಿ. ಸುಣ್ಣದ ಗಸಿಯನ್ನು ಬಾವಿಗೆ ಹಾಕಿದರೆ ನೀರು ಇನ್ನಷ್ಟು ಗಡಸಾಗುತ್ತದೆ. ಕನಿಷ್ಠ ಒಂದು ಗಂಟೆ ಕಳೆದ ಮೇಲೆ ನೀರು ಸೇದಬಹುದು. ಇದನ್ನು ರಾತ್ರಿ ಮಾಡಿಟ್ಟರೆ ಅನುಕೂಲ. ಪುಡಿಯ ಡಬ್ಬಿ ತೆರೆದಿಟ್ಟರೆ ಸತ್ವ ಹಾರಿಹೋಗುತ್ತದೆಂಬುದು ನೆನಪಿರಲಿ.

ಕುಡಿಯುವ ನೀರಿನ ಮಟ್ಟಿಗೆ ಕುದಿಸುವುದೇ ಸುಲಭದ ದಾರಿ. ಕೊತಕೊತ ಕುದಿ ಬಂದ ಮೇಲೆ ಕನಿಷ್ಠ ಒಂದು ನಿಮಿಷ ಬಿಟ್ಟು ಇಳಿಸಿ. ಅದೇ ಪಾತ್ರೆಯಲ್ಲೇ ಮುಚ್ಚಿಡಿ; ಕೈ ಅದ್ದಿ ಲೋಟ ಮುಳುಗಿಸಿದರೆ ಕುದಿಸಿದ ಶ್ರಮ ವ್ಯರ್ಥ. ಪಟಿಕ ತಿರುವಿದರೆ ರಾಡಿ ತಳಕ್ಕೆ ಇಳಿಯುತ್ತದೆ, ಅಷ್ಟೇ. ಅದನ್ನು ನಂಬಿ ಕುಡಿಯಬೇಡಿ.

ಬೋರಿನ ನೀರು

ಕೊಳವೆ ಬಾವಿಯ ಕಥೆ ಬೇರೆ. ಆಳದ ಬಂಡೆಗಳ ಸಂದಿನಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. "ನಮ್ಮ ಬೋರಿನ ನೀರು ಸಿಹಿ" ಎಂಬ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ಮೊದಲು ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಕರ್ನಾಟಕದಲ್ಲಿ ಗದಗ ಜಿಲ್ಲೆಯ ಮುಂಡರಗಿ, ತುಮಕೂರು ಜಿಲ್ಲೆಯ ಪಾವಗಡ, ಹಾಗೆಯೇ ಕೊಪ್ಪಳ, ರಾಯಚೂರು, ಬಾಗಲಕೋಟೆ, ಕೋಲಾರ ಜಿಲ್ಲೆಗಳ ಹಲವು ಹಳ್ಳಿಗಳು ಇದನ್ನು ಉಂಡಿವೆ.

ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇದ್ದರೆ ತೊಂದರೆಯಿಲ್ಲ. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂ ಕೊನೆಯ ಮಿತಿ. ಅದಕ್ಕೂ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಪೆಟ್ಟು ಬೀಳುವುದು ಮಕ್ಕಳ ಹಲ್ಲಿಗೆ. ಹೊಸದಾಗಿ ಹುಟ್ಟಿದ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಹಳದಿ-ಕಂದು ಅಡ್ಡಗೆರೆ. ತಿಕ್ಕಿದರೆ ಹೋಗುವ ಕೊಳೆ ಇದಲ್ಲ. ಮಗುವನ್ನು ಗದರಿಸಬೇಡಿ. ಇನ್ನೂ ಹೆಚ್ಚಾದರೆ ಮೂಳೆಗೆ ಇಳಿಯುತ್ತದೆ: ಕುತ್ತಿಗೆ, ಬೆನ್ನು, ಮೊಣಕಾಲು ಬಿಗಿಯುತ್ತವೆ, ಮಕ್ಕಳ ಕಾಲು ಸೊಟ್ಟಗಾಗಬಹುದು. ಮನೆಯಲ್ಲೇ ನೋಡಿಕೊಳ್ಳಿ: ಮೊಣಕಾಲು ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲು ಆಗುತ್ತದೆಯೇ? ಗದ್ದವನ್ನು ಎದೆಗೆ ತಾಗಿಸಲು ಆಗುತ್ತದೆಯೇ? ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯಲು ಆಗುತ್ತದೆಯೇ? ಆಗದಿದ್ದರೆ ಫ್ಲೋರೈಡೇ ಕಾರಣ ಎಂದಲ್ಲ, ವೈದ್ಯರಿಗೆ ತೋರಿಸಬೇಕು ಎಂದರ್ಥ.

ಬಿಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ನೋವಿನ ಗುಳಿಗೆ ನೋವನ್ನಷ್ಟೇ ತಗ್ಗಿಸುತ್ತದೆ. ನೀರು ಬದಲಾಯಿಸಿದರೆ ಕಾಯಿಲೆ ಮುಂದುವರಿಯುವುದು ನಿಲ್ಲುತ್ತದೆ, ಮುಖ್ಯವಾಗಿ ಸಣ್ಣ ಮಕ್ಕಳು ಉಳಿಯುತ್ತಾರೆ. ಹಾಲು, ಮಜ್ಜಿಗೆ, ರಾಗಿ, ನುಗ್ಗೆಸೊಪ್ಪು, ನಿಂಬೆ, ನೆಲ್ಲಿಕಾಯಿ ಊಟದಲ್ಲಿರಲಿ; ಆದರೆ ಇವು ನೀರಿಗೆ ಬದಲಲ್ಲ. ಹಾಲಿಲ್ಲದ ಕಡು ಚಹಾದಲ್ಲೂ ಫ್ಲೋರೈಡ್ ಇರುತ್ತದೆ.

ಈಗ ಫಿಲ್ಟರಿನ ವಿಚಾರ. ಕ್ಯಾಂಡಲ್ ಫಿಲ್ಟರು ರಾಡಿಯನ್ನು ತಡೆಯುತ್ತದೆ. ಯು.ವಿ. ದೀಪದ ಯಂತ್ರ ರೋಗಾಣುಗಳನ್ನು ಕೊಲ್ಲುತ್ತದೆ. ಎರಡೂ ಫ್ಲೋರೈಡನ್ನು ತೆಗೆಯುವುದಿಲ್ಲ. ಅಂಗಡಿಯವರು ಈ ಮಾತನ್ನು ತಾವಾಗಿ ಹೇಳುವುದು ಕಡಿಮೆ. ಫ್ಲೋರೈಡಿಗೆ ಬೇಕಾದುದು ಆರ್.ಒ. ಯಂತ್ರ, ಇಲ್ಲವೇ ಆಕ್ಟಿವೇಟೆಡ್ ಅಲ್ಯುಮಿನಾ ತುಂಬಿದ ಫಿಲ್ಟರು. ಆರ್.ಒ. ಪೊರೆಯನ್ನು, ಅಲ್ಯುಮಿನಾವನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಯಂತ್ರ ಗೋಡೆಗೆ ಅಲಂಕಾರ ಅಷ್ಟೇ. ಆರ್.ಒ. ಹೊರಹಾಕುವ ನೀರಿನಲ್ಲಿ ಲವಣ ಹೆಚ್ಚಿರುತ್ತದೆ. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ, ದನಕರುಗಳಿಗೆ ಕುಡಿಸಬೇಡಿ. ಪಟಿಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡ್ ತೆಗೆಯುವ ನಲಗೊಂಡ ವಿಧಾನವೂ ಇದೆ. ಆದರೆ ಪ್ರಮಾಣವನ್ನು ನೀರಿನ ಪರೀಕ್ಷೆಯ ನಂತರವೇ ಹೇಳಲು ಬರುತ್ತದೆ, ಅಂದಾಜಿನಲ್ಲಿ ಮಾಡಬೇಡಿ. ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ನಡೆಯುತ್ತಿದ್ದರೆ ಅಲ್ಲಿಯ ನೀರನ್ನು ಕುಡಿಯಲು ಮಾತ್ರವಲ್ಲ, ಅಡುಗೆಗೂ ಬಳಸಿ. ಅನ್ನ, ಬೇಳೆ ಹೀರುವ ನೀರೂ ಹೊಟ್ಟೆಗೇ ಹೋಗುತ್ತದೆ.

ಹಸುಗೂಸಿನ ಮನೆಯವರಿಗೆ

ಗೊಬ್ಬರ ಹೆಚ್ಚು ಹಾಕುವ ಹೊಲ, ತಿಪ್ಪೆ, ಗುಂಡಿಗಳ ಹತ್ತಿರದ ಬಾವಿ-ಬೋರುಗಳಲ್ಲಿ ನೈಟ್ರೇಟ್ ಇರಬಹುದು. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಆರು ತಿಂಗಳೊಳಗಿನ ಮಗುವಿನ ರಕ್ತ ಆಮ್ಲಜನಕ ಒಯ್ಯಲಾರದೆ ತುಟಿ, ಉಗುರು ನೀಲಿಗಟ್ಟಬಹುದು. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ, ನೀರು ಕೂಡ, ಬೇಡ.

ಬೇಳೆ ಬೇಯದ, ಸೋಪು ನೊರೆ ಬಾರದ ಗಡಸು ನೀರಿನಿಂದ ಪಾತ್ರೆಗೆ, ಹೀಟರಿಗೆ ತೊಂದರೆಯೇ ಹೆಚ್ಚು. ಇಟ್ಟರೆ ಕೆಂಪಾಗುವ ನೀರಿನಲ್ಲಿ ಕಬ್ಬಿಣವಿರುತ್ತದೆ. ಕೊಡದಿಂದ ಕೊಡಕ್ಕೆ ಎತ್ತರದಿಂದ ಸುರಿದು, ರಾತ್ರಿಯಿಡೀ ಬಿಟ್ಟು ಬಟ್ಟೆಯಲ್ಲಿ ಸೋಸಿದರೆ ಬಹಳಷ್ಟು ಇಳಿಯುತ್ತದೆ.

ಮಳೆ ನೀರು, ಪರೀಕ್ಷೆ

ಫ್ಲೋರೈಡ್ ಇರುವ ಊರಿನಲ್ಲಿ ಒಳ್ಳೆಯ ನೀರು ಬೀಳುವುದು ಮೇಲಿನಿಂದ. 1000 ಚದರ ಅಡಿ ಆರ್.ಸಿ.ಸಿ. ಇಲ್ಲವೇ ತಗಡಿನ ಮಾಳಿಗೆಯ ಮೇಲೆ ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೂ ಸುಮಾರು 37,000 ಲೀಟರ್ ಹಿಡಿಯಬಹುದು. ಐವರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ 5000 ಲೀಟರಿನ ಮುಚ್ಚಿದ ತೊಟ್ಟಿ 200 ದಿನ ಬರುತ್ತದೆ. ಮಣ್ಣಿನ ಮೇಲ್ಮುದ್ದೆಗೆ ಇದು ಹೊಂದುವುದಿಲ್ಲ. ಮೊದಲ ಮಳೆಯ ನೀರನ್ನು ಹರಿಯಬಿಡಿ. ತುಂಬಿದ ನೀರನ್ನು ಕುದಿಸಿ ಕುಡಿಯಿರಿ. ಇಲ್ಲಿ ಕುದಿಸಿದರೆ ಸಾಕು.

ಪರೀಕ್ಷೆಗೆ ಮೊದಲು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಸಣ್ಣ ಪರೀಕ್ಷಾ ಪೆಟ್ಟಿಗೆ ಅಲ್ಲಿ ಇರುತ್ತದೆ. ಅದರಲ್ಲಿ ದೋಷ ಕಂಡರೆ ಜಿಲ್ಲೆಯ ಗ್ರಾಮೀಣ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಒಯ್ಯಿರಿ. ಬೋರನ್ನು ಐದು ನಿಮಿಷ ಓಡಿಸಿ, ಸ್ವಚ್ಛವಾದ ಒಂದು ಲೀಟರ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ, ಊರು, ದಿನಾಂಕ ಬರೆದ ಚೀಟಿ ಅಂಟಿಸಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಬಾಟಲಿ ಬೇಕು. ಮೊಣಕಾಲು, ಟೊಂಕ ನೋವಿಗೆ ಮುಂದಿನ ಸಲ ತೋರಿಸಲು ಬರುವಾಗ ಆ ಪರೀಕ್ಷೆಯ ವರದಿಯನ್ನೂ ನಿಮ್ಮ ಚೀಟಿಯ ಜೊತೆ ತನ್ನಿ.