ಬೊಕ್ಕಸದ ಕಾವಲಿಗೆ ಮತದಾನ: ಇಲಿನಾಯ್ ರಾಜ್ಯದ 9,225 ಮತಗಳ ಪಾಠ

ರಾಜ್ಯದ ಬೊಕ್ಕಸವನ್ನು ಕಾಯುವ ಅಧಿಕಾರಿಯನ್ನು ಪ್ರಜೆಗಳೇ ಮತ ಹಾಕಿ ಆರಿಸುವ ಪದ್ಧತಿ ನಮ್ಮಲ್ಲಿಲ್ಲ. ಕರ್ನಾಟಕದ ಖಜಾನೆ ಇಲಾಖೆಯು ಹಣಕಾಸು ಇಲಾಖೆಯ ಅಧೀನದಲ್ಲಿ ನಡೆಯುತ್ತದೆ. ಚುನಾಯಿತ ಕೋಶಾಧ್ಯಕ್ಷರನ್ನು ನಾವು ಕಾಣುವುದು ವಾಣಿಜ್ಯ ಸಂಘಗಳಲ್ಲಿ ಮತ್ತು ಸಹಕಾರ ಸಂಘಗಳಲ್ಲಿ ಮಾತ್ರ. ಅಲ್ಲಿಯೂ ಅಧ್ಯಕ್ಷ ಸ್ಥಾನಕ್ಕಿರುವ ಪೈಪೋಟಿ ಈ ಹುದ್ದೆಗೆ ವಿರಳವೆಂಬುದು ಸದಸ್ಯ ಬಾಂಧವರಿಗೆ ತಿಳಿದದ್ದೇ. ಆದರೆ ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ರಾಜ್ಯ ಖಜಾಂಚಿಯ ಸ್ಥಾನಕ್ಕೆ ನೇರ ಚುನಾವಣೆ ನಡೆಯುತ್ತದೆ. ಷಿಕಾಗೋ ನಗರವನ್ನು ಒಳಗೊಂಡ ಇಲಿನಾಯ್ ರಾಜ್ಯದಲ್ಲಿ 2014ರಲ್ಲಿ ನಡೆದ ಅಂತಹ ಒಂದು ಚುನಾವಣೆಯನ್ನೂ, ಅದರ ಫಲಿತಾಂಶ ಸಣ್ಣ ಉದ್ದಿಮೆದಾರರನ್ನು ಎಷ್ಟರಮಟ್ಟಿಗೆ ತಟ್ಟಿತೆಂಬುದನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ ಹುದ್ದೆಯ ಸ್ವರೂಪ. 1956ರಲ್ಲಿ ಆ ರಾಜ್ಯದ ಸಾರ್ವಜನಿಕ ಲೆಕ್ಕಾಧಿಕಾರಿಯಾಗಿದ್ದ ಆರ್ವಿಲ್ ಹಾಡ್ಜ್ ಎಂಬಾತ ಸುಳ್ಳು ಪಾವತಿ ಆದೇಶಗಳ ಮೂಲಕ 15 ಲಕ್ಷ ಡಾಲರಿಗೂ ಮಿಕ್ಕಿ ಸರ್ಕಾರದ ಹಣವನ್ನು ಲಪಟಾಯಿಸಿ ಸೆರೆಮನೆ ಸೇರಿದನು. ಬೇಲಿಯೇ ಹೊಲ ಮೇಯ್ದ ಆ ಪ್ರಕರಣವನ್ನು ಜನ ಮರೆಯಲಿಲ್ಲ. 1970ರ ಹೊಸ ಸಂವಿಧಾನವು ಲೆಕ್ಕಾಧಿಕಾರಿಯ ಹುದ್ದೆಯನ್ನು ತೆಗೆದುಹಾಕಿ, ಹಣದ ಹೊಣೆಯನ್ನು ಬೇರೆ ಬೇರೆ ಕೈಗಳಿಗೆ ಹಂಚಿತು. ಬಿಲ್ಲನ್ನು ಪರಿಶೀಲಿಸಿ ಪಾವತಿಗೆ ಆದೇಶ ನೀಡುವವನು ಕಂಟ್ರೋಲರ್. ಹಣವನ್ನು ಕಾಪಾಡಿ, ಹೂಡಿಕೆ ಮಾಡಿ, ಕಂಟ್ರೋಲರನ ಆದೇಶದಂತೆ ಬಿಡುಗಡೆ ಮಾಡುವವನು ಖಜಾಂಚಿ. ಇವರಿಬ್ಬರೂ ಪ್ರತ್ಯೇಕವಾಗಿ ಚುನಾಯಿತರು. ಲೆಕ್ಕ ತಪಾಸಣೆಗೆ ಶಾಸಕಾಂಗವು ನೇಮಿಸುವ ಮೂರನೆಯ ಅಧಿಕಾರಿ. ಬಿಲ್ಲಿಗೆ ಸಹಿ ಹಾಕುವವನ ಬಳಿಯೇ ತಿಜೋರಿಯ ಬೀಗದ ಕೈ ಇರಬಾರದೆಂಬುದು ನಮ್ಮ ಹಳೆಯ ಮಂಡಿಗಳಲ್ಲಿಯೂ ಪಾಲಿಸುತ್ತಿದ್ದ ನಿಯಮವೇ ಆಗಿದೆ.

2014ರಲ್ಲಿ ಹಾಲಿ ಖಜಾಂಚಿ ಡ್ಯಾನ್ ರದರ್‌ಫರ್ಡ್ ಅವರು ರಾಜ್ಯಪಾಲ ಹುದ್ದೆಯ ಉಮೇದುವಾರಿಕೆಗೆ ಯತ್ನಿಸಿ ವಿಫಲರಾದ ಕಾರಣ ಸ್ಥಾನ ತೆರವಾಗಿತ್ತು. (ಅಲ್ಲಿನ ರಾಜ್ಯಪಾಲರು ನಮ್ಮ ಮುಖ್ಯಮಂತ್ರಿಗಳಂತೆ ಆಡಳಿತದ ನಿಜವಾದ ಮುಖ್ಯಸ್ಥರು.) ಡೆಮಾಕ್ರಟಿಕ್ ಪಕ್ಷದಿಂದ ಷಾಂಪೇನ್ ಕೌಂಟಿಯ ಲೆಕ್ಕ ಪರಿಶೋಧಕರಾಗಿ ಅನುಭವವಿದ್ದ ರಾಜ್ಯ ಸೆನೆಟರ್ ಮೈಕಲ್ ಫ್ರೆರಿಕ್ಸ್, ರಿಪಬ್ಲಿಕನ್ ಪಕ್ಷದಿಂದ ಕೆಳಮನೆಯಲ್ಲಿ ಹಲವು ವರ್ಷ ಆ ಪಕ್ಷದ ನಾಯಕರಾಗಿದ್ದ ಟಾಮ್ ಕ್ರಾಸ್ ಕಣಕ್ಕಿಳಿದರು. ಶಾಸಕಾಂಗವು ಕೊರತೆಯ ಬಜೆಟ್ ಅಂಗೀಕರಿಸಿದರೆ ತಾನು ನ್ಯಾಯಾಲಯದ ಮೆಟ್ಟಿಲೇರುವುದಾಗಿ ಕ್ರಾಸ್ ಸಾರಿದ್ದರು. ಖಜಾಂಚಿಯು ಬರಿಯ ತಿಜೋರಿ ಕಾಯುವವನೋ, ಮನೆಯ ಯಜಮಾನನನ್ನೇ ಪ್ರಶ್ನಿಸಬೇಕಾದವನೋ ಎಂಬ ಪ್ರಶ್ನೆಯು ಇದರಿಂದ ಚರ್ಚೆಗೆ ಬಂದಿತು.

ನವೆಂಬರ್ 4ರಂದು ಮತದಾನ ನಡೆಯಿತು. ರಾಜ್ಯಪಾಲ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದ ಬ್ರೂಸ್ ರೌನರ್ ಒಂದು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಕಂಟ್ರೋಲರ್ ಸ್ಥಾನವೂ ಅದೇ ಪಕ್ಷದ ಜೂಡಿ ಬಾರ್ ಟೊಪಿಂಕಾ ಅವರಿಗೆ ದಕ್ಕಿತು. ಖಜಾಂಚಿ ಸ್ಥಾನದ ಎಣಿಕೆಯಲ್ಲಿಯೂ ಆರಂಭದಲ್ಲಿ ಕ್ರಾಸ್ ಮುಂದಿದ್ದರು. ಆದರೆ ಇಲಿನಾಯ್ ಕಾನೂನಿನ ಪ್ರಕಾರ, ನಿಗದಿತ ದಿನದೊಳಗೆ ಅಂಚೆಗೆ ಹಾಕಿದ ಮತಪತ್ರವು ಚುನಾವಣೆಯ ನಂತರ 14 ದಿನಗಳೊಳಗೆ ತಲುಪಿದರೂ ಎಣಿಕೆಗೆ ಅರ್ಹ. ಅರ್ಹತೆಯ ಬಗ್ಗೆ ಸಂದೇಹವಿರುವವರು ಹಾಕಿದ ತಾತ್ಕಾಲಿಕ ಮತಗಳನ್ನೂ ಈ ಅವಧಿಯಲ್ಲಿಯೇ ಪರಿಶೀಲಿಸಿ ಸೇರಿಸಲಾಗುತ್ತದೆ. ದಿನ ಕಳೆದಂತೆ ಕ್ರಾಸ್ ಅವರ ಮುನ್ನಡೆ ಕರಗಿತು. ಅನಂತರ ಫ್ರೆರಿಕ್ಸ್ ಮುಂದಾದರು. ಎರಡು ವಾರಗಳ ಬಳಿಕ, ನವೆಂಬರ್ 19ರಂದು, ಕ್ರಾಸ್ ಸೋಲೊಪ್ಪಿಕೊಂಡರು. ಸುಮಾರು 35 ಲಕ್ಷ ಮತಗಳಲ್ಲಿ ಅಂತಿಮ ಅಂತರ 9,225. ಅಂದರೆ ಶೇಕಡಾ 0.3ಕ್ಕೂ ಕಡಿಮೆ. ಲಿಬರ್ಟೇರಿಯನ್ ಪಕ್ಷದ ಮೂರನೆಯ ಅಭ್ಯರ್ಥಿಯು ಪಡೆದ ಮತಗಳೇ ಒಂದು ಲಕ್ಷ ದಾಟಿದ್ದವು.

ಇಷ್ಟು ಕಿರಿದಾದ ಅಂತರವಿದ್ದರೂ ಅಲ್ಲಿ ತಾನಾಗಿ ಮರುಎಣಿಕೆ ಆಗುವುದಿಲ್ಲ. ವಿಜೇತನ ಮತಗಳ ಶೇಕಡಾ 95ರಷ್ಟನ್ನಾದರೂ ಪಡೆದ ಪರಾಜಿತನು ಗರಿಷ್ಠ ಕಾಲುಭಾಗ ಮತಗಟ್ಟೆಗಳ ಪರೀಕ್ಷಾರ್ಥ ಎಣಿಕೆಯನ್ನು ಕೇಳಬಹುದು. ಅದರಿಂದಲೇ ಫಲಿತಾಂಶ ಬದಲಾಗದು, ಮೊಕದ್ದಮೆಗೆ ಸಾಕ್ಷ್ಯವಾಗಬಹುದಷ್ಟೆ. ವ್ಯವಹಾರಸ್ಥರಿಗೆ ಇದು ಹೊಸತೇನಲ್ಲ. ಬ್ಯಾಂಕಿನ ಪಾಸ್‌ಬುಕ್ಕಿಗೂ ನಮ್ಮ ಖಾತೆಗೂ ತಾಳೆಯಾಗುವವರೆಗೆ ಬಂದ ಚೆಕ್ಕನ್ನು ಜಮೆಯೆಂದು ನಂಬಿ ಖರ್ಚು ಮಾಡುವವನು ವ್ಯಾಪಾರಿಯೇ ಅಲ್ಲ. ಎಣಿಕೆಯ ರಾತ್ರಿಯ ಅಂಕಿಗಳನ್ನೇ ಅಂತಿಮವೆಂದು ಭಾವಿಸಿ, ಆಮೇಲೆ ಸಂಶಯ ಪಡುವವರ ಬಗ್ಗೆ ಈ ಲೇಖಕನಿಗೆ ಸಹಾನುಭೂತಿ ಕಡಿಮೆ.

ಈ ಗೆಲುವಿನಿಂದ ಉದ್ದಿಮೆದಾರರಿಗೆ ಆದದ್ದೇನು? ರಾಜ್ಯದ ದೊಡ್ಡ ಸಂಕಟವನ್ನು ಯಾರೇ ಖಜಾಂಚಿಯಾಗಿದ್ದರೂ ತಪ್ಪಿಸಲಾಗುತ್ತಿರಲಿಲ್ಲವೆಂಬುದು ನಮ್ಮ ಅಭಿಪ್ರಾಯ. 2015ರಲ್ಲಿ ಶಾಸಕಾಂಗ ಕಳುಹಿಸಿದ ಕೊರತೆಯ ಬಜೆಟ್ಟನ್ನು ರಾಜ್ಯಪಾಲ ರೌನರ್ ಬಹುಮಟ್ಟಿಗೆ ತಿರಸ್ಕರಿಸಿದರು. ಅಲ್ಲಿಂದ 2017ರ ಜುಲೈವರೆಗೆ ರಾಜ್ಯಕ್ಕೆ ಪೂರ್ಣ ಬಜೆಟ್ಟೇ ಇರಲಿಲ್ಲ. ಇಲ್ಲದ ಬಜೆಟ್ಟಿನ ವಿರುದ್ಧ ಕ್ರಾಸ್ ತಾನೇ ಯಾವ ದಾವೆ ಹೂಡಬಹುದಿತ್ತು? ಸರಬರಾಜುದಾರರಿಗೆ ಸಲ್ಲಬೇಕಾದ ಬಾಕಿ ಬಿಲ್ಲುಗಳು 2017ರ ನವೆಂಬರ್ ವೇಳೆಗೆ 1,600 ಕೋಟಿ ಡಾಲರುಗಳನ್ನು ಮೀರಿದವು.

ಅಲ್ಲಿನ ಶೀಘ್ರ ಪಾವತಿ ಕಾಯಿದೆಯಂತೆ 90 ದಿನ ಮೀರಿದ ಬಿಲ್ಲಿಗೆ ಸರ್ಕಾರವು ತಿಂಗಳಿಗೆ ಶೇಕಡಾ 1ರ ಬಡ್ಡಿ ತೆರಬೇಕು. ನಮ್ಮ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯಲ್ಲಿ ಅವಧಿಯು 45 ದಿನಗಳು, ಬಡ್ಡಿಯು ಬ್ಯಾಂಕ್ ದರದ ಮೂರು ಪಟ್ಟು. ಕಾಗದದ ಮೇಲೆ ನಮ್ಮದೇ ಬಿಗಿಯಾದ ಕಾನೂನು; ವಸೂಲಿಯ ಅನುಭವವನ್ನು ಸದಸ್ಯರೇ ಬಲ್ಲರು. ಇಲಿನಾಯ್ ಸರ್ಕಾರದ ಮೇಲೆ ಹೀಗೆ ಬಿದ್ದ ಬಡ್ಡಿಯ ಹೊರೆ 100 ಕೋಟಿ ಡಾಲರುಗಳನ್ನು ದಾಟಿತು.

ಖಜಾಂಚಿಯ ಹುದ್ದೆಗೆ ಬೆಲೆ ಬಂದದ್ದು ಇಲ್ಲಿಯೇ. ಒಂದೆಡೆ ಖಜಾಂಚಿಯು ರಾಜ್ಯದ ನಗದನ್ನು ಅಲ್ಪ ಬಡ್ಡಿಗೆ ಹೂಡಿದ್ದಾನೆ; ಇನ್ನೊಂದೆಡೆ ಅದೇ ರಾಜ್ಯವು ಬಾಕಿ ಬಿಲ್ಲುಗಳ ಮೇಲೆ ವರ್ಷಕ್ಕೆ ಶೇಕಡಾ 12ರ ಬಡ್ಡಿ ಕಟ್ಟುತ್ತಿದೆ. ಎಡಗೈಯ ಹಣ ಮಲಗಿರುವಾಗ ಬಲಗೈ ಸಾಲ ಮಾಡಿದಂತಾಯಿತು. ಮುಂದೆ ಕಾನೂನಿಗೆ ತಿದ್ದುಪಡಿಯಾಗಿ, ಫ್ರೆರಿಕ್ಸ್ ಮತ್ತು ಆಗಿನ ಕಂಟ್ರೋಲರ್ ಸುಸಾನಾ ಮೆಂಡೋಜಾ ಅವರ ನಡುವೆ ಏರ್ಪಾಡಾಗಿ, ಖಜಾನೆಯ ಹೂಡಿಕೆಯ ಹಣದ ಒಂದು ಭಾಗವನ್ನು ಬಾಕಿ ಬಿಲ್ಲುಗಳ ತೀರುವಳಿಗೆ ಬಳಸಲಾಯಿತು. ಇಬ್ಬರು ಚುನಾಯಿತ ಅಧಿಕಾರಿಗಳ ಸಹಿ ಬೇಕಾದ್ದರಿಂದ ಆ ವ್ಯವಹಾರವು ಗುಟ್ಟಾಗಿ ನಡೆಯುವಂತಿರಲಿಲ್ಲ.

ಇನ್ನೊಂದು ವಿಷಯವು ನೇರವಾಗಿ ಸಂಬಳದ ಪಟ್ಟಿಗೆ ಸೇರಿದ್ದು. ರಾಜ್ಯಪಾಲ ಪ್ಯಾಟ್ ಕ್ವಿನ್ ಅವರು ಅಧಿಕಾರ ಬಿಡುವ ಮುನ್ನ, 2015ರ ಜನವರಿಯಲ್ಲಿ, ಸೆಕ್ಯೂರ್ ಚಾಯ್ಸ್ ಎಂಬ ನಿವೃತ್ತಿ ಉಳಿತಾಯ ಕಾನೂನಿಗೆ ಅಂಕಿತ ಹಾಕಿದರು. ಅದರ ಮಂಡಳಿಯ ಅಧ್ಯಕ್ಷತೆ ಖಜಾಂಚಿಯದು. ಸ್ವಂತ ನಿವೃತ್ತಿ ಯೋಜನೆಯಿಲ್ಲದ ಸಂಸ್ಥೆಗಳು ನೌಕರರನ್ನು ಈ ಯೋಜನೆಗೆ ನೋಂದಾಯಿಸಿ, ಸಂಬಳದಿಂದ ಸಾಮಾನ್ಯವಾಗಿ ಶೇಕಡಾ 5ರಷ್ಟನ್ನು ಮುರಿದು ಜಮೆ ಮಾಡಬೇಕು. ಬೇಡವೆನ್ನುವ ನೌಕರನು ಹೊರಗುಳಿಯಬಹುದು. ಮಾಲೀಕನು ತನ್ನ ಕೈಯಿಂದ ಏನನ್ನೂ ಸೇರಿಸಬೇಕಾಗಿಲ್ಲ, ಆದರೆ ನೋಂದಣಿ ತಪ್ಪಿಸಿದರೆ ಮೊದಲ ವರ್ಷಕ್ಕೆ ಪ್ರತಿ ನೌಕರನಿಗೆ 250 ಡಾಲರ್ ದಂಡ. 2018ರಲ್ಲಿ ಜಾರಿಗೆ ಬಂದಾಗ ಇದು 25 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು; 2021ರ ತಿದ್ದುಪಡಿಯು ಆ ಮಿತಿಯನ್ನು 5ಕ್ಕೆ ಇಳಿಸಿ, ಚಿಕ್ಕ ಕಾರ್ಖಾನೆಗಳನ್ನೂ ಅಂಗಡಿಗಳನ್ನೂ ಖಜಾಂಚಿಯ ವ್ಯಾಪ್ತಿಗೆ ತಂದಿತು.